ಎರಡೂರಿನ ಸಂಸಾರಕ್ಕೆ ತಕ್ಕ ನ್ಯಾಯವಾದಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆನಿಂತಿರುವ ಕನ್ನಡ ಕುಟುಂಬಗಳ ಬಾಳುವೆಯನ್ನು ಹತ್ತಿರದಿಂದ ಬಲ್ಲವರಿಗೆ ಅವುಗಳ ಒಂದು ವಿಶೇಷವು ಗೋಚರವಾಗದೆ ಇರದು. ವಾಸದ ಮನೆ ಮಹಾರಾಷ್ಟ್ರದಲ್ಲಿ, ಮೂಲದ ಮನೆ ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡು ಅಥವಾ ವಿಜಯಪುರದ ಕಡೆಗೆ. ದುಡಿಮೆ ಇಲ್ಲಿ, ದೈವದೇವರು ಅಲ್ಲಿ. ಮಕ್ಕಳ ಶಾಲೆ ಇಲ್ಲಿ, ಮದುವೆಯ ಮಂಟಪ ಬಹಳ ವೇಳೆ ಅಲ್ಲಿ. ಸುಖದ ದಿನಗಳಲ್ಲಿ ಈ ಇಬ್ಬಗೆಯ ಬದುಕು ಒಂದು ಸಂಪತ್ತೇ ಸರಿ. ಆದರೆ ದಾಂಪತ್ಯವು ಮುರಿದಾಗ, ಹಿರಿಯರು ಉಯಿಲು ಬರೆಯದೆ ತೀರಿಕೊಂಡಾಗ, ಅಣ್ಣತಮ್ಮಂದಿರೊಳಗೆ ಪಾಲಿನ ಮಾತು ಎದ್ದಾಗ, ಅದೇ ಬದುಕು ಎರಡು ರಾಜ್ಯಗಳ ನ್ಯಾಯಾಲಯಗಳ ನಡುವೆ ಹರಿದುಹೋಗುವ ಸಂಭವವುಂಟು. ಆ ಹೊತ್ತಿನಲ್ಲಿ ಯಾವ ವಕೀಲರ ಬಳಿಗೆ ಹೋಗತಕ್ಕದ್ದು ಎಂಬ ಪ್ರಶ್ನೆಗೆ ನಮ್ಮ ಜನ ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರವು ‘ದೊಡ್ಡ ಹೆಸರಿನವರು’ ಎಂದು, ಇಲ್ಲವೆ ‘ನಮ್ಮವರು’ ಎಂದು. ಈ ಎರಡು ಉತ್ತರಗಳೂ ಸಾಲವು ಎಂಬುದು ನನ್ನ ದೃಢವಾದ ಅಭಿಪ್ರಾಯ. ವ್ಯಾಜ್ಯವು ಯಾವ ನ್ಯಾಯಾಲಯಕ್ಕೆ ಸೇರಿದ್ದು, ಯಾವ ಕಾನೂನಿಗೆ ಒಳಪಟ್ಟದ್ದು ಎಂಬುದನ್ನು ಮೊದಲು ನಿರ್ಣಯಿಸಿ, ಆ ಬಳಿಕವೇ ಅದಕ್ಕೆ ತಕ್ಕ ವ್ಯಕ್ತಿಯನ್ನು ಅರಸುವುದು ಕ್ಷೇಮಕರವಾದ ದಾರಿ.

ಈ ಪ್ರದೇಶದ ನ್ಯಾಯವ್ಯವಸ್ಥೆಯ ಭೂಗೋಳವೇ ಹೊಸಬರಿಗೆ ಗೊಂದಲ ಹುಟ್ಟಿಸುವಂಥದು. ಠಾಣೆ ಜಿಲ್ಲೆಯ ಪ್ರಧಾನ ನ್ಯಾಯಾಲಯವು ಠಾಣೆ ಪಶ್ಚಿಮದಲ್ಲಿದ್ದು, ಆ ಸ್ಥಳಕ್ಕೆ ಕೋರ್ಟ್ ನಾಕಾ ಎಂಬ ಹೆಸರೇ ರೂಢಿಯಾಗಿದೆ. ಡೊಂಬಿವಲಿ ಎಷ್ಟೇ ದೊಡ್ಡ ಪಟ್ಟಣವಾಗಿ ಬೆಳೆದಿದ್ದರೂ ಅದು ಕಲ್ಯಾಣ ತಾಲೂಕಿಗೆ ಸೇರಿದ್ದಾದುದರಿಂದ ಅಲ್ಲಿಯವರ ಸಿವಿಲ್ ವ್ಯಾಜ್ಯಗಳು ಕಲ್ಯಾಣದ ನ್ಯಾಯಾಲಯಗಳಿಗೆ ಹೋಗುತ್ತವೆ. ನವಿಮುಂಬಯಿಯ ವಿಷಯವಂತೂ ಇನ್ನೂ ಸೂಕ್ಷ್ಮ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಒಂದೇ ನಗರವೆಂದು ಯೋಜಿಸಿದ ಈ ಊರು ಆಡಳಿತದಲ್ಲಿ ಎರಡು ಜಿಲ್ಲೆಗಳಿಗೆ ಹಂಚಿಹೋಗಿದೆ: ಐರೋಲಿ, ವಾಶಿ, ನೆರೂಲ್, ಬೇಲಾಪುರಗಳು ಠಾಣೆ ಜಿಲ್ಲೆಗೆ, ಖಾರ್‌ಘರ್, ಕಾಮೋಠೆ, ಕಳಂಬೋಲಿ, ಪನ್ವೇಲ್‌ಗಳು ರಾಯಗಡ ಜಿಲ್ಲೆಗೆ. ಬೇಲಾಪುರದಲ್ಲಿ ವಾಸವಾಗಿರುವ ಅಣ್ಣನೂ ಅಲ್ಲಿಂದ ಒಂದೇ ನಿಲ್ದಾಣ ದಾಟಿ ಖಾರ್‌ಘರ್‌ನಲ್ಲಿರುವ ತಮ್ಮನೂ ತಾವು ಒಂದೇ ಊರಿನವರೆಂದು ತಿಳಿದಿದ್ದರೂ, ಒಬ್ಬನಿಗೆ ಠಾಣೆ ಜಿಲ್ಲೆಯ ನ್ಯಾಯಾಲಯ, ಇನ್ನೊಬ್ಬನಿಗೆ ಪನ್ವೇಲಿನದು, ಅದರ ಮೇಲೆ ಅಲಿಬಾಗಿನದು. ಆದುದರಿಂದ ವಕೀಲರ ಕಚೇರಿ ಮನೆಗೆ ಸಮೀಪವಾಗಿದೆಯೆಂಬುದು ಮುಖ್ಯವಲ್ಲ. ವ್ಯಾಜ್ಯ ನಡೆಯತಕ್ಕ ನ್ಯಾಯಾಲಯದಲ್ಲಿ ಅವರು ನಿತ್ಯವೂ ಹಾಜರಿರುವವರೇ ಎಂಬುದು ಮುಖ್ಯ. ಮುಂಬಯಿಯ ಫೋರ್ಟಿನಲ್ಲಿ ದೊಡ್ಡ ಕಚೇರಿಯಿಟ್ಟುಕೊಂಡು ಉಚ್ಚ ನ್ಯಾಯಾಲಯದಲ್ಲಿ ಖ್ಯಾತರಾದವರು ಕಲ್ಯಾಣದ ತಾರೀಖಿಗೆ ಕಿರಿಯ ಸಹಾಯಕರೊಬ್ಬರನ್ನು ಕಳುಹಿಸಿ, ಆ ಕಿರಿಯರು ಮುಂದಿನ ತಾರೀಖನ್ನು ಕೇಳಿಕೊಂಡು ಬರುವುದರಲ್ಲೇ ವರ್ಷಗಳು ಕಳೆದುಹೋಗುವುದನ್ನು ಅನುಭವಿಸಿದ ಸಂಸಾರಗಳು ಅಪರೂಪವಲ್ಲ.

ಕೌಟುಂಬಿಕ ವ್ಯಾಜ್ಯಗಳಿಗಾಗಿಯೇ ಪ್ರತ್ಯೇಕವಾದ ನ್ಯಾಯಾಲಯಗಳನ್ನು ನಿರ್ಮಿಸಿದ 1984ರ ಕಾಯಿದೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಆ ಕಾಯಿದೆಯ ಮೇರೆಗೆ ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಯು ಸರಕಾರವು ಉಚ್ಚ ನ್ಯಾಯಾಲಯದೊಡನೆ ವಿಚಾರ ಮಾಡಿ ಅಧಿಸೂಚನೆಯಿಂದ ಗೊತ್ತುಪಡಿಸಿದ ಪ್ರದೇಶಕ್ಕೆ ಮಾತ್ರ ಸೀಮಿತ. ಆ ಮೇರೆಯ ಹೊರಗೆ ವಿವಾಹವ್ಯಾಜ್ಯವನ್ನು ವಿಚಾರಿಸುವುದು ಸಾಮಾನ್ಯ ಸಿವಿಲ್ ನ್ಯಾಯಾಲಯ. ಠಾಣೆಯಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ತಮ್ಮ ವಿಳಾಸವು ಅದರ ಮೇರೆಯೊಳಗೋ ಹೊರಗೋ ಎಂಬ ಪ್ರಶ್ನೆಗೆ ತಡಬಡಿಸದೆ ಉತ್ತರ ಹೇಳಬಲ್ಲವರೇ ಈ ಭಾಗದ ವಿವಾಹವ್ಯಾಜ್ಯಗಳಲ್ಲಿ ಕೈಪಳಗಿದವರೆಂದು ತಿಳಿಯಬಹುದು. ಎರಡು ಬಗೆಯ ನ್ಯಾಯಾಲಯಗಳಲ್ಲಿ ವಕೀಲರ ಪಾತ್ರವೇ ಬೇರೆ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರನ ಹಕ್ಕಲ್ಲವೆಂದು ಕಾಯಿದೆಯ 13ನೆಯ ಪ್ರಕರಣವು ಹೇಳುತ್ತದೆ. ಅನುಮತಿಯನ್ನು ಬೇಡಬೇಕು, ಅದು ಸಾಮಾನ್ಯವಾಗಿ ದೊರೆಯುತ್ತದೆ. ರಾಜಿಯ ಸಾಧ್ಯತೆಯನ್ನು ಮೊದಲು ಪರಿಶೀಲಿಸುವುದು ನ್ಯಾಯಾಧೀಶರ ಕರ್ತವ್ಯವಾದುದರಿಂದ ಗಂಡಹೆಂಡಿರು ವಿವಾಹ ಸಲಹೆಗಾರರ ಎದುರು ತಾವೇ ಕುಳಿತು ಮಾತಾಡಬೇಕಾಗುತ್ತದೆ, ಅಲ್ಲಿ ವಕೀಲರ ವಾಗ್ಮಿತೆಗೆ ಎಡೆಯಿಲ್ಲ. ಅಂಥ ಕೋಣೆಯೊಳಗೆ ಒಬ್ಬಳೇ ಹೋಗತಕ್ಕ ಮಗಳಿಗೆ, ಏನು ಕೇಳುವರು, ಏನನ್ನು ಒಪ್ಪಬಹುದು, ಯಾವುದಕ್ಕೆ ಕಾಲಾವಕಾಶ ಬೇಡಬಹುದು ಎಂಬುದನ್ನು ಮುಂಚಿತವಾಗಿ ತಾಳ್ಮೆಯಿಂದ ತಿಳಿಸಿಕೊಡುವವರು ಒಳ್ಳೆಯ ವಕೀಲರು. ಮೇಲ್ಮನವಿಯ ದಾರಿಯೂ ಭಿನ್ನ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು, ಸಿವಿಲ್ ನ್ಯಾಯಾಧೀಶರ ತೀರ್ಪಿನ ಮೇಲೆ ಮೊದಲು ಜಿಲ್ಲಾ ನ್ಯಾಯಾಲಯಕ್ಕೆ.

ವಿವಾಹವ್ಯಾಜ್ಯವನ್ನು ಎಲ್ಲಿ ಹೂಡಬಹುದೆಂಬುದನ್ನು 1955ರ ಹಿಂದೂ ವಿವಾಹ ಕಾಯಿದೆಯ 19ನೆಯ ಪ್ರಕರಣವು ನಿರ್ಧರಿಸುತ್ತದೆ. ವಿವಾಹ ನಡೆದ ಸ್ಥಳ, ಎದುರುಕಕ್ಷಿಯ ವಾಸಸ್ಥಳ, ದಂಪತಿಗಳು ಕೊನೆಯದಾಗಿ ಕೂಡಿಬಾಳಿದ ಸ್ಥಳ, ಇವುಗಳ ಜೊತೆಗೆ 2003ರ ತಿದ್ದುಪಡಿಯ ಮೇಲೆ ಅರ್ಜಿದಾರಳಾದ ಹೆಂಡತಿಯು ವಾಸಿಸುತ್ತಿರುವ ಸ್ಥಳವೂ ಸೇರಿತು. ನಮ್ಮವರ ಮದುವೆ ಉಡುಪಿಯಲ್ಲಿ ಜರುಗಿ, ಸಂಸಾರ ಡೊಂಬಿವಲಿಯಲ್ಲಿ ನಡೆದು, ಮನಸ್ತಾಪವಾದ ಮೇಲೆ ಹೆಣ್ಣುಮಗಳು ಪುತ್ತೂರಿನ ತವರಿಗೆ ಮರಳಿದಳೆಂದರೆ, ಮೂರು ನ್ಯಾಯಾಲಯಗಳಿಗೂ ಏಕಕಾಲದಲ್ಲಿ ಅಧಿಕಾರವಿದೆಯೆಂದಾಯಿತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮೊಕದ್ದಮೆಯನ್ನು ವರ್ಗಾಯಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಪ್ರಕರಣದ ಮೇರೆಗೆ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೇ ಹೋಗಬೇಕು. ವಿಚ್ಛೇದನದ ಅರ್ಜಿ ಕಲ್ಯಾಣದಲ್ಲಿ, ಜೀವನಾಂಶದ ಅರ್ಜಿ ಪುತ್ತೂರಿನಲ್ಲಿ, ವರ್ಗಾವಣೆಯ ಅರ್ಜಿ ದಿಲ್ಲಿಯಲ್ಲಿ ಎಂದು ಒಂದೇ ಮನೆಯ ಜಗಳವು ಮೂರು ಊರುಗಳಲ್ಲಿ ಹರಡಿದಾಗ ಗೆಲ್ಲುವವರು ಯಾರೂ ಇಲ್ಲ; ಮಕ್ಕಳ ಓದಿಗೆಂದು ಕೂಡಿಟ್ಟ ಹಣವು ರೈಲಿನ ಟಿಕೇಟಿಗೂ ವಕೀಲರ ಫೀಸಿಗೂ ಸೋರಿಹೋಗುತ್ತದೆ. ಮೊದಲ ಭೇಟಿಯಲ್ಲೇ ‘ಎದುರುಪಕ್ಷದವರು ಎಲ್ಲೆಲ್ಲಿ ಅರ್ಜಿ ಹಾಕಬಹುದು’ ಎಂಬುದನ್ನೂ ಯೋಚಿಸಿ, ಸಾಧ್ಯವಾದಷ್ಟು ಒಂದೇ ಸ್ಥಳದಲ್ಲಿ ಎಲ್ಲವನ್ನೂ ಮುಗಿಸುವ ದಾರಿಯನ್ನು ಸೂಚಿಸುವ ನ್ಯಾಯವಾದಿಯು, ‘ನಾಳೆಯೇ ನಾಲ್ಕು ಕೇಸು ಹಾಕೋಣ’ ಎಂದು ಹುರಿದುಂಬಿಸುವವರಿಗಿಂತ ಸರ್ವಥಾ ಶ್ರೇಷ್ಠ.

ಆಸ್ತಿಯ ವಿಚಾರಕ್ಕೆ ಬಂದಾಗ ಸಮಸ್ಯೆಯು ಇನ್ನಷ್ಟು ಆಳವಾಗುತ್ತದೆ. ಇಲ್ಲಿಯೇ ಠಾಣೆ ಜಿಲ್ಲೆಯ ಸಮರ್ಥ ವಕೀಲರು ಕೂಡ, ತಮ್ಮ ಪಾಂಡಿತ್ಯಕ್ಕೆ ಕುಂದಿಲ್ಲದಿದ್ದರೂ, ನಮ್ಮವರ ಪಾಲಿಗೆ ಅಪೂರ್ಣರಾಗಿ ಬಿಡಬಹುದು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ತುಳುನಾಡಿನ ಸಮುದಾಯಗಳಲ್ಲಿ ಅಳಿಯಸಂತಾನದ ಪದ್ಧತಿಯು ಪರಂಪರೆಯಿಂದ ನಡೆದುಬಂದುದು. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1949ರಲ್ಲಿ, ಮದರಾಸು ಅಳಿಯಸಂತಾನ ಕಾಯಿದೆಯು ಕುಟುಂಬದ ಆಸ್ತಿಯನ್ನು ಕವರುಗಳಾಗಿ, ಎಂದರೆ ಹೆಣ್ಣಿನ ಕಡೆಯ ಶಾಖೆಗಳಾಗಿ, ಪಾಲು ಮಾಡಿಕೊಳ್ಳುವ ಕ್ರಮವನ್ನು ವಿಧಿಸಿತು. ಸಂತತಿಯುಳ್ಳ ಕವರಿಗೂ ನಿಸ್ಸಂತತಿ ಕವರಿಗೂ ಆ ಕಾಯಿದೆಯು ಮಾಡಿದ ಭೇದ, ಆಮೇಲೆ ಬಂದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಪ್ರಕರಣವು ಅಳಿಯಸಂತಾನದವರು ತೀರಿಕೊಂಡಾಗ ಅವರ ಅವಿಭಕ್ತ ಪಾಲು ಹೊಸ ಕಾಯಿದೆಯಂತೆಯೇ ಇಳಿಯತಕ್ಕದ್ದೆಂದು ಮಾಡಿದ ಬದಲಾವಣೆ, ಇವೆಲ್ಲ ಮಂಗಳೂರು ಉಡುಪಿಗಳ ವಕೀಲರಿಗೆ ಪರಿಚಿತವಾದರೂ ಕಲ್ಯಾಣದ ಕಚೇರಿಗಳಲ್ಲಿ ಅಪರೂಪದ ವಿಷಯಗಳು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಜನ್ಮಸಿದ್ಧ ಹಕ್ಕನ್ನು ಕೊಟ್ಟ 2005ರ ತಿದ್ದುಪಡಿಯೂ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ಶಂಕೆಯನ್ನು ನಿವಾರಿಸಿದ 2020ರ ವಿನೀತಾ ಶರ್ಮಾ ಪ್ರಕರಣದ ತೀರ್ಪೂ ಈಗ ಎಲ್ಲರ ನಾಲಿಗೆಯ ಮೇಲಿವೆ. ಆದರೆ ಆ ತಿದ್ದುಪಡಿಯು ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬವನ್ನು ಕುರಿತದ್ದು. ಶಿವಳ್ಳಿಯವರ, ಗೌಡಸಾರಸ್ವತರ, ವಿಜಯಪುರ ಬಾಗಲಕೋಟೆಗಳ ಲಿಂಗಾಯತರ ಮನೆಗಳಿಗೆ ಅದನ್ನು ಅನ್ವಯಿಸುವಂತೆಯೇ ಅಳಿಯಸಂತಾನದ ಮನೆಗೂ ಅನ್ವಯಿಸಿ ನೋಟೀಸು ಕಳುಹಿಸುವ ವಕೀಲರು ದಾವೆಯ ಬುನಾದಿಯನ್ನೇ ತಪ್ಪಿದರೆಂದು ತಿಳಿಯಬೇಕು. ಕಾಸರಗೋಡಿನ ಜಮೀನಾದರೆ ಮತ್ತೂ ಬೇರೆ. ಆ ತಾಲೂಕು 1956ರಲ್ಲಿ ಕೇರಳಕ್ಕೆ ಸೇರಿತು, ಕೇರಳದ ಶಾಸನವು 1976ರ ಡಿಸೆಂಬರಿನಿಂದ ಅವಿಭಕ್ತ ಹಿಂದೂ ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿತು. ಆದುದರಿಂದ ಒಂದೇ ಅಜ್ಜಿಯ ಮೊಮ್ಮಕ್ಕಳು ಮಂಜೇಶ್ವರದ ಗದ್ದೆಗೆ ಒಂದು ಲೆಕ್ಕವನ್ನೂ ಬಂಟ್ವಾಳದ ತೋಟಕ್ಕೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ಸ್ಥಿರಾಸ್ತಿಯ ದಾವೆಯನ್ನು ಆಸ್ತಿಯಿರುವ ಸ್ಥಳದಲ್ಲೇ ಹೂಡಬೇಕೆಂಬುದು ಸಾಮಾನ್ಯ ನಿಯಮ. ಆದರೆ ಒಂದೇ ಪಾಲಿನ ದಾವೆಗೆ ಒಳಪಟ್ಟ ಆಸ್ತಿಗಳು ಹಲವು ನ್ಯಾಯಾಲಯಗಳ ವ್ಯಾಪ್ತಿಯಲ್ಲಿ ಹರಡಿಕೊಂಡಿದ್ದರೆ ಅವುಗಳಲ್ಲಿ ಯಾವುದಾದರೊಂದು ನ್ಯಾಯಾಲಯದಲ್ಲಿ ಹೂಡಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೆಯ ಪ್ರಕರಣವು ಅವಕಾಶ ಕೊಟ್ಟಿದೆ. ತಂದೆಯ ಡೊಂಬಿವಲಿಯ ಫ್ಲ್ಯಾಟಿಗೂ ಕಾರ್ಕಳದ ಮನೆಹಿತ್ತಲಿಗೂ ಕಲ್ಯಾಣದಲ್ಲೋ ಕಾರ್ಕಳದಲ್ಲೋ ಎಂಬ ಆಯ್ಕೆ ಇದರಿಂದ ದೊರೆಯುತ್ತದೆ. ಊರಿನ ಭೂಮಿಯೇ ವಿವಾದದ ತಿರುಳಾಗಿದ್ದರೆ ಕಾರ್ಕಳವೇ ಲೇಸೆಂದು ನನಗೆ ತೋರುತ್ತದೆ. ಏಕೆಂದರೆ ಪಹಣಿ, ಮೂಲಗೇಣಿ, ಕುಮ್ಕಿ, 1974ರ ಭೂಸುಧಾರಣೆಯಲ್ಲಿ ದೊರೆತ ಅಧಿಭೋಗದ ಹಕ್ಕು ಮುಂತಾದುವನ್ನು ಅಲ್ಲಿನ ನ್ಯಾಯಾಲಯವು ದಿನವೂ ಕಾಣುತ್ತಿರುತ್ತದೆ. ಇತ್ತ ಮಹಾರಾಷ್ಟ್ರದ ಅಧೀನ ನ್ಯಾಯಾಲಯಗಳ ಭಾಷೆ 1998ರ ಅಧಿಸೂಚನೆಯಿಂದ ಮರಾಠಿಯಾಗಿದೆ. ಕನ್ನಡದ ಪಾಲುಪಟ್ಟಿ, ಕನ್ನಡದಲ್ಲಿ ಬರೆದ ಉಯಿಲು, ಅಜ್ಜನ ಕೈಬರಹದ ಲೆಕ್ಕದ ಪುಸ್ತಕ, ಇವನ್ನೆಲ್ಲ ಭಾಷಾಂತರಿಸಿ ಪ್ರಮಾಣೀಕರಿಸಿ ಒಪ್ಪಿಸಬೇಕು. ಇಲ್ಲಿನ ಭೂದಾಖಲೆಯಾದ ಸಾತ್‌ಬಾರಾ ಉತಾರವನ್ನು ಚೆನ್ನಾಗಿ ಓದಬಲ್ಲವರು ಪಹಣಿಯ ಕಲಮುಗಳ ಮುಂದೆ ತೊಡಕುವುದು ಸಹಜವೇ. ಹಾಗೆ ತೊಡಕಿದಾಗ ‘ಇದನ್ನು ನಿಮ್ಮ ಊರಿನ ವಕೀಲರಿಗೆ ತೋರಿಸಿ, ನಾನು ಅವರೊಡನೆ ಮಾತಾಡುತ್ತೇನೆ’ ಎಂದು ತಾವಾಗಿಯೇ ಹೇಳುವವರನ್ನು ನಾನು ಗೌರವಿಸುತ್ತೇನೆ. ಎರಡೂರಿನ ಸಂಸಾರಕ್ಕೆ ಇಬ್ಬರು ವಕೀಲರು ಬೇಕಾಗುವುದು ದುಂದುವೆಚ್ಚವಲ್ಲ. ಇಬ್ಬರೂ ಪರಸ್ಪರ ಪತ್ರವ್ಯವಹಾರವಿಟ್ಟುಕೊಳ್ಳದಿರುವುದು ಮಾತ್ರ ಅಪಾಯಕರ.

ಇಲ್ಲಿನ ಫ್ಲ್ಯಾಟಿನ ವಿಷಯದಲ್ಲಿ ಎರಡು ಮಾತುಗಳನ್ನಾದರೂ ಹೇಳಬೇಕು. ಸೊಸೈಟಿಯಲ್ಲಿ ನಾಮಿನಿಯಾದವನೇ ಒಡೆಯನೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಅದು ನಿಜವಲ್ಲ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯಿದೆಗೆ 2019ರಲ್ಲಿ ಸೇರಿಸಿದ ಪ್ರಕರಣಗಳ ಮೇರೆಗೆ, ನಿಜವಾದ ಉತ್ತರಾಧಿಕಾರಿಗಳು ಗೊತ್ತಾಗುವವರೆಗೆ ನಾಮಿನಿಯು ತಾತ್ಕಾಲಿಕ ಸದಸ್ಯ ಮಾತ್ರ. ಉಯಿಲಿನ ಪ್ರೊಬೇಟಿನ ವಿಷಯವೂ ಹಾಗೆಯೇ ತಪ್ಪುತಿಳಿವಳಿಕೆಗೆ ಗುರಿಯಾಗಿದೆ: ಮುಂಬಯಿ ಉಚ್ಚ ನ್ಯಾಯಾಲಯದ ಮೂಲ ಸಿವಿಲ್ ಅಧಿಕಾರಕ್ಕೆ ಒಳಪಟ್ಟ ನಗರದೊಳಗಿನ ಆಸ್ತಿಗೆ ಬಹುಕಾಲ ಪ್ರೊಬೇಟ್ ಕಡ್ಡಾಯವಾಗಿದ್ದಿತು, ಠಾಣೆ ಕಲ್ಯಾಣಗಳಲ್ಲಿ ಬರೆದು ಅಲ್ಲಿನ ಆಸ್ತಿಗೇ ಸಂಬಂಧಿಸಿದ ಉಯಿಲಿಗೆ ಅಂದೂ ಆ ಕಡ್ಡಾಯವಿರಲಿಲ್ಲ. ಮಾಟುಂಗದ ಹಳೆಯ ಮನೆಯನ್ನೂ ಠಾಣೆಯ ಹೊಸ ಮನೆಯನ್ನೂ ಒಂದೇ ಉಯಿಲಿನಲ್ಲಿ ಸೇರಿಸಿರುವವರು, ಈಗಿನ ನಿಯಮವೇನೆಂದು ತಮ್ಮ ವಕೀಲರನ್ನು ಕೇಳಿ ನೋಡಲಿ. ಉತ್ತರ ಬರುವ ರೀತಿಯಿಂದಲೇ ಅವರ ಅಭ್ಯಾಸದ ಮಟ್ಟವು ತಿಳಿದುಬರುತ್ತದೆ.

ಹುಡುಕುವ ಬಗೆಯನ್ನು ಕುರಿತು ಹೇಳುವುದಾದರೆ, ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ, ಹಾಗೂ ಜಾತಿಸಮುದಾಯಗಳ ಸಂಘಗಳಲ್ಲಿ ವಕೀಲ ವೃತ್ತಿಯ ಸದಸ್ಯರು ಇದ್ದೇ ಇರುತ್ತಾರೆ. ಕನ್ನಡದಲ್ಲೋ ತುಳುವಿನಲ್ಲೋ ನೋವನ್ನು ಬಿಚ್ಚಿ ಹೇಳಿಕೊಳ್ಳುವ ಸೌಕರ್ಯವು ಅಲ್ಪವಾದುದಲ್ಲ. ಗಂಡನ ಮನೆಯಲ್ಲಿ ನಡೆದ ಅವಮಾನವನ್ನು ಕಲಿತ ಭಾಷೆಯಲ್ಲಿ ವಿವರಿಸುವಾಗ ಅರ್ಧ ಸತ್ಯವು ಉಳಿದುಹೋಗುತ್ತದೆ. ಆದರೆ ಅದೇ ವಕೀಲರು ಗಂಡನ ಸೋದರಮಾವನಿಗೂ ಪರಿಚಿತರು, ಮುಂದಿನ ಯಕ್ಷಗಾನದ ಬಯಲಾಟದಲ್ಲಿ ಎರಡು ಕಡೆಯವರೊಡನೆಯೂ ಕೂಡಿ ಕುಳಿತುಕೊಳ್ಳಬೇಕಾದವರು ಎಂಬುದನ್ನೂ ಎಣಿಸಬೇಕು. ಕಕ್ಷಿದಾರನ ಗುಟ್ಟನ್ನು ಕಾಯುವುದು ಕಾನೂನೇ ವಿಧಿಸಿರುವ ಕರ್ತವ್ಯವಾದರೂ, ಎರಡು ಕಡೆಗೂ ಬೇಕಾದವರು ತಾವಾಗಿ ಹಿಂದೆ ಸರಿದು ಬೇರೊಬ್ಬರ ಹೆಸರನ್ನು ಸೂಚಿಸುವುದೇ ಧರ್ಮ. ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಇಬ್ಬರಿಗೂ ಒಬ್ಬರೇ ವಕೀಲರು ಸಾಕೆಂಬ ಸಲಹೆಯನ್ನು ಸಹ, ಹಣ ಉಳಿಯುವುದೆಂಬ ಕಾರಣಕ್ಕೆ, ನಾನು ಒಪ್ಪಲಾರೆ. ಜೀವನಾಂಶವನ್ನು ಬಿಟ್ಟುಕೊಡುವ ಒಂದು ಸಾಲಿಗೆ ರುಜು ಹಾಕುವ ಮೊದಲು ಹೆಣ್ಣುಮಗಳು ತನ್ನವರೇ ಆದ ಒಬ್ಬ ವಕೀಲರಿಗೆ ಅದನ್ನು ಓದಿಸಬೇಕು.

ವಕೀಲರಿಗೆ ಜಾಹೀರಾತು ಮಾಡುವ ಅಧಿಕಾರವಿಲ್ಲ. ಬಾರ್ ಕೌನ್ಸಿಲಿನ ನಿಯಮಗಳು ಅದನ್ನು ನಿಷೇಧಿಸಿವೆ. ನ್ಯಾಯಾಲಯದ ಬಾಗಿಲಲ್ಲೋ ಪೊಲೀಸು ಠಾಣೆಯ ಬಳಿಯಲ್ಲೋ ತಾನಾಗಿ ಬಂದು ‘ನಮ್ಮ ಸಾಹೇಬರು ಹದಿನೈದು ದಿನದಲ್ಲಿ ಮುಗಿಸಿಕೊಡುತ್ತಾರೆ’ ಎನ್ನುವವನ ಹಿಂದೆ ಹೋಗಬಾರದು. ಬದಲಾಗಿ, ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನ ಸನದು ಸಂಖ್ಯೆಯನ್ನು ಕೇಳಬಹುದು, ಅದನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಸರಕಾರದ ಈ-ಕೋರ್ಟ್ಸ್ ವ್ಯವಸ್ಥೆಯಲ್ಲಿ ವಕೀಲರ ಹೆಸರಿನಿಂದಲೇ ಮೊಕದ್ದಮೆಗಳನ್ನು ಹುಡುಕುವ ಅನುಕೂಲವಿರುವುದರಿಂದ, ಕಲ್ಯಾಣದಲ್ಲಾಗಲಿ ಬೇಲಾಪುರದಲ್ಲಾಗಲಿ ಅವರ ಹೆಸರಿನಲ್ಲಿ ವಿವಾಹವ್ಯಾಜ್ಯಗಳು ನಿಜವಾಗಿ ನಡೆಯುತ್ತಿವೆಯೇ, ಇಲ್ಲವೆ ಚೆಕ್ಕಿನ ಕೇಸುಗಳೇ ತುಂಬಿವೆಯೇ ಎಂಬುದನ್ನು ಮನೆಯಲ್ಲಿ ಕುಳಿತೇ ನೋಡಬಹುದು.

ಮೊದಲ ಭೇಟಿಯಲ್ಲಿ ಅವರು ಹೇಳುವ ಮಾತಿಗಿಂತ ಕೇಳುವ ಪ್ರಶ್ನೆಗಳನ್ನು ಗಮನಿಸತಕ್ಕದ್ದು. ಮದುವೆ ಎಲ್ಲಿ ಆಯಿತು, ನೋಂದಣಿಯಾಗಿದೆಯೇ, ಕೊನೆಯದಾಗಿ ಒಟ್ಟಿಗಿದ್ದುದು ಯಾವಾಗ, ಮಗು ಈಗ ಎಲ್ಲಿ ಓದುತ್ತಿದೆ, ಹಿಂದೆ ಎಲ್ಲಿಯಾದರೂ ದೂರು ಕೊಟ್ಟಿದ್ದುಂಟೇ ಎಂದು ವಿಚಾರಿಸದೆ ಗೆಲುವಿನ ಭರವಸೆಯನ್ನು ಕೊಡುವವರಿಂದ ದೂರವಿರುವುದು ಲೇಸು. 2020ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ, ಜೀವನಾಂಶದ ವ್ಯಾಜ್ಯಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಒಪ್ಪಿಸಬೇಕೆಂದೂ, ಹಿಂದೆ ಬೇರೆ ಕಾನೂನಿನ ಮೇರೆಗೆ ಪಡೆದ ಜೀವನಾಂಶದ ಆದೇಶವನ್ನು ತಿಳಿಸಲೇಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ನಿರ್ದೇಶಿಸಿತು. ಹೋಟೆಲುದ್ಯಮದ ನಮ್ಮವರಲ್ಲಿ ಆದಾಯದ ಲೆಕ್ಕವು ಸರಳವಾದುದಲ್ಲ. ಪಾಲುದಾರಿಕೆಯ ಹೋಟೆಲು, ಕಂಡಕ್ಟಿಂಗಿಗೆ (ನಡೆಸುವ ಗುತ್ತಿಗೆಗೆ) ಕೊಟ್ಟ ಹೋಟೆಲು, ಭಾವನ ಹೆಸರಿನಲ್ಲಿರುವ ಪರವಾನಗಿ, ಹೀಗೆ ಅದು ಹಲವು ಹೆಸರುಗಳ ಹಿಂದೆ ಅಡಗಿರುತ್ತದೆ. ಈ ವ್ಯವಹಾರದ ಒಳಹೊರಗನ್ನು ಬಲ್ಲ ವಕೀಲರು ಹೆಂಡತಿಯ ಪರವಾಗಿದ್ದರೆ ಯಾವ ದಾಖಲೆಯನ್ನು ತರಿಸಬೇಕೆಂಬುದನ್ನು ಅರಿತಿರುತ್ತಾರೆ; ಗಂಡನ ಪರವಾಗಿದ್ದರೆ ಸುಳ್ಳು ಪ್ರಮಾಣಪತ್ರಕ್ಕೆ ರುಜು ಹಾಕದಂತೆ ತಡೆಯುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯ ಸೇವೆಯಲ್ಲ. ಪರಸ್ಪರ ಸಮ್ಮತಿಯ ಅರ್ಜಿಯಲ್ಲಿ ಆರು ತಿಂಗಳು ಕಾಯುವ ನಿಯಮವನ್ನು ತಕ್ಕ ಸಂದರ್ಭದಲ್ಲಿ ಸಡಿಲಿಸಬಹುದೆಂದು 2017ರಲ್ಲಿ ತೀರ್ಮಾನವಾಗಿದೆ. ಅದು ಪ್ರತಿಯೊಬ್ಬರಿಗೂ ಸಲ್ಲುವ ಹಕ್ಕಲ್ಲವೆಂಬುದನ್ನೂ ಸೇರಿಸಿ ಹೇಳುವುದು ವಕೀಲರ ಪ್ರಾಮಾಣಿಕತೆ.

ಫೀಸನ್ನು ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು: ಅರ್ಜಿಗೆಷ್ಟು, ತಾರೀಖಿಗೆಷ್ಟು, ಭಾಷಾಂತರ ನಕಲುಗಳ ಖರ್ಚು ಯಾರದು, ಮೇಲ್ಮನವಿ ಇದರಲ್ಲಿ ಸೇರಿದೆಯೇ ಎಂದು. ಬರುವ ಜೀವನಾಂಶದಲ್ಲಿ ಅಥವಾ ಆಸ್ತಿಯಲ್ಲಿ ಇಂತಿಷ್ಟು ಪಾಲೆಂದು ಫೀಸು ನಿಗದಿಮಾಡುವುದನ್ನು ಬಾರ್ ಕೌನ್ಸಿಲ್ ನಿಷೇಧಿಸಿದೆ, ಅಂಥ ಒಪ್ಪಂದಕ್ಕೆ ಯಾರೂ ಕೈಯೊಡ್ಡಬಾರದು. ಹಣವಿಲ್ಲದೆ ಸಂಕಟದಲ್ಲಿರುವ ಹೆಣ್ಣುಮಕ್ಕಳು ಇದರಿಂದ ಎದೆಗುಂದಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣವು ಆದಾಯವನ್ನು ಎಣಿಸದೆ ಎಲ್ಲ ಸ್ತ್ರೀಯರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವನ್ನು ಪಡೆಯುವ ಹಕ್ಕನ್ನು ಕೊಟ್ಟಿದೆ. ಠಾಣೆ ಜಿಲ್ಲೆಯವರು ಅದಕ್ಕೆ ಅರ್ಜಿ ಸಲ್ಲಿಸತಕ್ಕ ಜಿಲ್ಲಾ ಪ್ರಾಧಿಕಾರವು ಠಾಣೆಯಲ್ಲಿದೆ. ಈ ಹಕ್ಕು ತಮಗಿದೆಯೆಂಬುದನ್ನು ತಿಳಿಯದೆ ಬಂಗಾರದ ಬಳೆಗಳನ್ನು ಅಡವಿಟ್ಟ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿಯೋ. ಸಂಘಗಳ ಮಹಿಳಾ ವಿಭಾಗಗಳು ಅರಶಿನ ಕುಂಕುಮದ ಕಾರ್ಯಕ್ರಮಗಳಲ್ಲಿಯೇ ಈ ಒಂದು ಸಂಗತಿಯನ್ನು ಪ್ರಚಾರ ಮಾಡಿದರೆ ದೊಡ್ಡ ಉಪಕಾರವಾದೀತು.

ಇಷ್ಟೆಲ್ಲ ವಿಚಾರಿಸಿ ಆರಿಸಿಕೊಂಡ ಮೇಲೆಯೂ ವಿಶ್ವಾಸವು ಕುಂದುವ ಪ್ರಸಂಗ ಬಂದರೆ ವಕೀಲರನ್ನು ಬದಲಿಸಲು ಹಿಂಜರಿಯಬೇಕಾಗಿಲ್ಲ. ಹಿಂದಿನವರಿಂದ ಅಭ್ಯಂತರವಿಲ್ಲವೆಂಬ ಬರಹವನ್ನು ಪಡೆದು ಹೊಸ ವಕಾಲತ್ತನ್ನು ಸಲ್ಲಿಸುವುದು ರೂಢಿ. ಬಾಕಿ ಫೀಸಿನ ನೆವದಿಂದ ಕಕ್ಷಿದಾರನ ಕಡತವನ್ನು ತಡೆದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಸ್ಪಷ್ಟಪಡಿಸಿದೆ. ಬಾಕಿಯನ್ನು ಬೇರೆ ದಾರಿಯಿಂದ ವಸೂಲು ಮಾಡಿಕೊಳ್ಳಬೇಕೇ ಹೊರತು ಕಾಗದಗಳನ್ನು ಒತ್ತೆಯಿಟ್ಟುಕೊಳ್ಳಕೂಡದು. ಆದರೂ ಮೂಲ ಪಹಣಿ, ಪಾಲುಪಟ್ಟಿ, ಮದುವೆಯ ನೋಂದಣಿಪತ್ರಗಳನ್ನು ಯಾರ ಕೈಗೂ ಒಪ್ಪಿಸದೆ, ನಕಲನ್ನು ಕೊಟ್ಟು ರಶೀದಿ ಪಡೆದು, ನ್ಯಾಯಾಲಯವು ಕೇಳಿದ ದಿನ ಮಾತ್ರ ಮೂಲವನ್ನು ತಾವೇ ಕೊಂಡೊಯ್ಯುವುದು ಉತ್ತಮ. ಊರಿನ ಸಬ್‌ರಿಜಿಸ್ಟ್ರಾರರ ಕಚೇರಿಯಿಂದ ಕಳೆದುಹೋದ ಪತ್ರವೊಂದರ ದೃಢೀಕೃತ ನಕಲನ್ನು ತರಿಸುವುದಕ್ಕೆ ಡೊಂಬಿವಲಿಯಿಂದ ಹೊರಟವರು ಹಲವು ರಜೆಗಳನ್ನೇ ವ್ಯಯಿಸಬೇಕಾಗುತ್ತದೆ.